ಒಂದು ಲೋಟ ಯುರೇನಿಯಂ ಮತ್ತು ಅದರ ಬಾಕಿ ಲೆಕ್ಕ

ಬನಶಂಕರಿಯಲ್ಲಿರುವ ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘಕ್ಕೆ ನಾನು ಆರು ವರ್ಷ ಖಜಾಂಚಿಯಾಗಿದ್ದೆ. ಅದಕ್ಕೂ ಮೊದಲು ಮೂವತ್ತು ವರ್ಷ ಒಂದು ಪತ್ತಿನ ಸಹಕಾರ ಸಂಘದ ಲೆಕ್ಕಪತ್ರ ನೋಡಿಕೊಂಡವನಾದ್ದರಿಂದ, ಕೊಳಚೆ ನೀರು ಶುದ್ಧೀಕರಣ ಘಟಕವನ್ನು ಮುಂದೊಂದು ದಿನ ಬದಲಾಯಿಸಬೇಕಾದಾಗ ಬೇಕಾಗುವ ಹಣವನ್ನು ಎಲ್ಲಿ ತೆಗೆದಿರಿಸಿದ್ದೀರಿ ಎಂದು ಮೊದಲ ಸಭೆಯಲ್ಲಿಯೇ ಕೇಳಿದೆ. ಎಲ್ಲಿಯೂ ತೆಗೆದಿರಿಸಿರಲಿಲ್ಲ. ಘಟಕಕ್ಕೆ ಒಂಬತ್ತು ವರ್ಷ ತುಂಬಿದಾಗ ಅದರ ಗಾಳಿಯಂತ್ರಗಳೂ ತೊಟ್ಟಿಯ ಒಳಗೋಡೆಯೂ ಒಟ್ಟಿಗೇ ಕೈಕೊಟ್ಟವು, ಮನೆಯೊಂದಕ್ಕೆ ಅರವತ್ತೆಂಟು ಸಾವಿರ ರೂಪಾಯಿ ವಿಧಿಸಬೇಕಾಯಿತು. ಅಷ್ಟು ಹೊತ್ತಿಗೆ ಮೊದಲ ಮಾಲೀಕರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮನೆ ಮಾರಿ ಹೊರಟುಹೋಗಿದ್ದರು. ಹೊಸದಾಗಿ ಬಂದಿದ್ದ ಒಬ್ಬ ತಾಯಿ ಸಭೆಯಲ್ಲಿ ಎದ್ದುನಿಂತು, "ನಾವು ಬಂದು ನಾಲ್ಕು ತಿಂಗಳಾಯ್ತು ಸಾರ್, ಒಂಬತ್ತು ವರ್ಷದ ಕೊಳೆಗೆ ನಾವ್ಯಾಕೆ ಕೊಡಬೇಕು?" ಎಂದು ಕೇಳಿದರು. ಅವರ ಮಾತು ನ್ಯಾಯವಾಗಿತ್ತು. ಆದರೂ ಅವರಿಂದಲೇ ಹಣ ಪಡೆದೆವು, ಏಕೆಂದರೆ ಕೊಡಬೇಕಾದವರು ಅಲ್ಲಿ ಇರಲಿಲ್ಲ.

ಅಣು ವಿದ್ಯುತ್ ಸ್ಥಾವರಗಳಲ್ಲಿ ಉರಿದು ಹೊರಬರುವ ಇಂಧನವನ್ನು ಕಟ್ಟಕಡೆಗೆ ಏನು ಮಾಡಬೇಕು, ಅದಕ್ಕೆ ಎಷ್ಟು ಖರ್ಚಾಗುತ್ತದೆ, ಅದನ್ನು ಯಾರು ಕೊಡಬೇಕು ಎಂಬ ವಿಷಯವನ್ನು ಕಳೆದ ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಆ ತಾಯಿಯ ಪ್ರಶ್ನೆಯೇ ಕಣ್ಣ ಮುಂದೆ ಬರುತ್ತದೆ. ಇಲ್ಲಿ ಒಂಬತ್ತು ವರ್ಷದ ಬದಲು ಒಂಬತ್ತು ತಲೆಮಾರು ಎನ್ನಬೇಕು, ಅಷ್ಟೇ ವ್ಯತ್ಯಾಸ. ನಾನು ಅಣು ವಿದ್ಯುತ್ತಿನ ವಿರೋಧಿಯಲ್ಲ. ಇದ್ದಿಲು ಸುಟ್ಟು ಆಕಾಶಕ್ಕೆ ಬಿಡುವ ಹೊಗೆಯ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಅಣು ಇಂಧನದ ತ್ಯಾಜ್ಯ ಕಡೆಯ ಪಕ್ಷ ಒಂದೇ ಕಡೆ, ಎಣಿಸಬಹುದಾದ ರೂಪದಲ್ಲಿ ಉಳಿದಿರುತ್ತದೆ. ಎಣಿಸಬಹುದಾದುದನ್ನು ಎಣಿಸಿ, ಅದಕ್ಕೆ ತಕ್ಕ ಹಣವನ್ನು ವಿದ್ಯುತ್ ಬಳಸಿದವರಿಂದಲೇ, ಬಳಸಿದ ಕಾಲದಲ್ಲಿಯೇ ಪಡೆದು ಬೇರೆಯಾಗಿ ಇಡಬೇಕು ಎಂಬುದಷ್ಟೇ ನನ್ನ ಮಾತು.

ನಮ್ಮ ರಾಜ್ಯದ ಕೈಗಾದಿಂದಲೇ ಶುರು ಮಾಡುತ್ತೇನೆ. ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯ ಮೇಲೆ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ ಕೊನೆಗೆ 962 ದಿನ ಸತತವಾಗಿ ನಡೆದು ಆಗಿನ ವಿಶ್ವದಾಖಲೆಯನ್ನು ಮಾಡಿತು. ಅದು ಸಣ್ಣ ಸಾಧನೆಯಲ್ಲ. ಈ ಘಟಕಗಳಿಗೆ ಬೇಕಾದ ಇಂಧನ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಿಂದ ಬರುತ್ತದೆ. ಹತ್ತೊಂಬತ್ತು ಸಣ್ಣ ಕೊಳವೆಗಳನ್ನು ಒಟ್ಟಿಗೆ ಜೋಡಿಸಿದ, ಅರ್ಧ ಮೀಟರಿನಷ್ಟು ಉದ್ದದ ಒಂದು ಕಟ್ಟು. ಅದರೊಳಗೆ ಸುಮಾರು ಹದಿನೈದು ಕಿಲೋ ಯುರೇನಿಯಂ ಆಕ್ಸೈಡ್. ಒಂದು ಘಟಕದಲ್ಲಿ 306 ಅಡ್ಡ ಕೊಳವೆಗಳು, ಒಂದೊಂದರಲ್ಲಿ ಇಂಥ ಹನ್ನೆರಡು ಕಟ್ಟುಗಳು. ಕೈಗಾದಲ್ಲಿರುವಂಥ, ಸಾಮಾನ್ಯ ನೀರಿನ ಬದಲು ಭಾರಜಲವನ್ನು ಬಳಸುವ ರಿಯಾಕ್ಟರಿನ ವಿಶೇಷವೆಂದರೆ ಅದನ್ನು ನಿಲ್ಲಿಸದೆಯೇ ಒಂದು ಕಡೆಯಿಂದ ಹೊಸ ಕಟ್ಟನ್ನು ತಳ್ಳಿ ಇನ್ನೊಂದು ಕಡೆಯಿಂದ ಹಳೆಯದನ್ನು ಹೊರತೆಗೆಯಬಹುದು. ಹೊರಬಂದದ್ದು ನೇರವಾಗಿ ನೀರಿನ ಕೊಳಕ್ಕೆ ಹೋಗುತ್ತದೆ.

ಇಂಥ ಇಂಧನ ಒಂದು ಟನ್ನಿಗೆ ಸುಮಾರು 7,000 ಮೆಗಾವಾಟ್-ದಿನಗಳಷ್ಟು ಶಾಖ ಕೊಡುತ್ತದೆ. ಅದರಲ್ಲಿ ನೂರಕ್ಕೆ ಇಪ್ಪತ್ತೆಂಟರಷ್ಟು ವಿದ್ಯುತ್ತಾಗುತ್ತದೆ ಎಂದು ಹಿಡಿದರೆ, ಒಂದು ಕಟ್ಟಿನಿಂದ ಸುಮಾರು ಏಳು ಲಕ್ಷ ಯೂನಿಟ್ ಸಿಗುತ್ತದೆ. ತಿಂಗಳಿಗೆ ನೂರೈವತ್ತು ಯೂನಿಟ್ ಬಳಸುವ ನಮ್ಮಂಥ ಮನೆ ಅರವತ್ತು ವರ್ಷದಲ್ಲಿ ಬಳಸುವುದು ಒಂದು ಲಕ್ಷ ಯೂನಿಟ್‌ಗಿಂತ ತುಸು ಹೆಚ್ಚು. ಅದೆಲ್ಲವೂ ಕೈಗಾದಿಂದಲೇ ಬಂದಿತೆಂದುಕೊಂಡರೂ, ಒಂದು ಸಂಸಾರದ ಇಡೀ ಬಾಳಿನ ಲೆಕ್ಕಕ್ಕೆ ಉಳಿಯುವ ಉರಿದ ಯುರೇನಿಯಂ ಎರಡು ಕಿಲೋದ ಆಸುಪಾಸು. ಅದು ನೀರಿಗಿಂತ ಹತ್ತು ಪಟ್ಟು ತೂಕದ ವಸ್ತುವಾದ್ದರಿಂದ ಒಂದು ಲೋಟದಲ್ಲಿ ಹಿಡಿಸುತ್ತದೆ. ಈ ಲೋಟದ ಚಿತ್ರವನ್ನು ಅಣು ವಿದ್ಯುತ್ತಿನ ಪರವಾಗಿ ಮಾತನಾಡುವವರು ಮೆಚ್ಚುತ್ತಾರೆ, ನನಗೂ ಅದು ಮೆಚ್ಚುಗೆಯೇ. ಆದರೆ ಖರ್ಚು ನಿಂತಿರುವುದು ಲೋಟದ ಗಾತ್ರದ ಮೇಲಲ್ಲ.

ರಿಯಾಕ್ಟರಿನಿಂದ ಹೊರಬಂದ ಇಂಧನ ಉರಿಯುವುದನ್ನು ನಿಲ್ಲಿಸುತ್ತದೆಯೇ ಹೊರತು ಕಾಯುವುದನ್ನು ನಿಲ್ಲಿಸುವುದಿಲ್ಲ. ಅದರೊಳಗೆ ಹುಟ್ಟಿದ ಸೀಸಿಯಂ, ಸ್ಟ್ರಾನ್ಷಿಯಂಗಳು ಮೂವತ್ತು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಶಾಖ ಹೊರಹಾಕುತ್ತಲೇ ಇರುತ್ತವೆ. ಮುನ್ನೂರು ವರ್ಷ ಕಳೆದರೆ ಅವುಗಳ ಆರ್ಭಟ ಬಹುಪಾಲು ತೀರುತ್ತದೆ. ಆದರೆ ಪ್ಲುಟೋನಿಯಂ-239ರ ಅರ್ಧಾಯು 24,000 ವರ್ಷ, ಟೆಕ್ನೀಷಿಯಂ-99ರದು ಎರಡು ಲಕ್ಷ ವರ್ಷಕ್ಕೂ ಹೆಚ್ಚು. ಮೊದಲ ಗುಂಪಿನವು ಶಾಖದಿಂದ ಖರ್ಚು ಹೆಚ್ಚಿಸಿದರೆ ಎರಡನೆಯ ಗುಂಪಿನವು ಕಾಲದಿಂದ ಹೆಚ್ಚಿಸುತ್ತವೆ. ನೆಲದಾಳದಲ್ಲಿ ಹೂಳುವಾಗ ಪೆಟ್ಟಿಗೆಯ ಸುತ್ತ ತುಂಬುವ ಜೇಡಿಮಣ್ಣು ನೂರು ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಬಾರದು ಎಂಬುದು ಫಿನ್‌ಲೆಂಡ್ ಮತ್ತು ಸ್ವೀಡನ್ ಇಟ್ಟುಕೊಂಡಿರುವ ಮಿತಿ. ಆದ್ದರಿಂದ ಬಿಸಿ ಪೆಟ್ಟಿಗೆಗಳನ್ನು ದೂರ ದೂರ ಇಡಬೇಕು, ದೂರ ಇಟ್ಟಷ್ಟೂ ಸುರಂಗ ಉದ್ದವಾಗುತ್ತದೆ, ಸುರಂಗ ಉದ್ದವಾದಷ್ಟೂ ಹಣ ಹೋಗುತ್ತದೆ. ನಲವತ್ತು ಐವತ್ತು ವರ್ಷ ಕೊಳದಲ್ಲಿ ತಣಿಸಿ ಹೂಳುವುದರ ಹಿಂದಿನ ತರ್ಕವೂ ಇದೇ. ತಣಿಯಲೆಂದು ಹೀಗೆ ಕಾದು ಕೂರುವುದರಲ್ಲಿ ತಪ್ಪಿಲ್ಲ. ಕಾಯುವ ನೆಪದಲ್ಲಿ ಹಣ ಕೂಡಿಡುವುದನ್ನು ಮರೆಯುವುದು ತಪ್ಪು.

ಲಾಲ್‌ಬಾಗಿನ ಬಂಡೆಯ ಮೇಲೆ ಬೆಳಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ನಿವೃತ್ತ ಭೂವಿಜ್ಞಾನ ಅಧ್ಯಾಪಕರೊಬ್ಬರಿದ್ದಾರೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು; ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ಫಿನ್‌ಲೆಂಡಿನವರು ತಮ್ಮ ಇಂಧನವನ್ನು ಹೂಳಲು ಹೊರಟಿರುವ ಬಂಡೆಯ ವಯಸ್ಸು ಸುಮಾರು 190 ಕೋಟಿ ವರ್ಷ. "ಮೇಷ್ಟ್ರೇ, ಹಾಗಾದರೆ ನಮ್ಮ ಬಂಡೆ ಇನ್ನೂ ಹಳೆಯದು, ಇನ್ನೂ ಗಟ್ಟಿ ಅಲ್ಲವೇ?" ಎಂದು ಒಂದು ದಿನ ಕೇಳಿದೆ. ಅವರು, "ಗಟ್ಟಿ ಇರೋದು ನಿಜ ಸ್ವಾಮಿ, ಆದರೆ ಬಿರುಕಿಲ್ಲದ ಬಂಡೆ ಅಂತ ಇರೋದಿಲ್ಲ. ನಿಮ್ಮ ಬೋರ್‌ವೆಲ್‌ಗೆ ಸಾವಿರ ಅಡಿಯಲ್ಲಿ ನೀರು ಬಂತಲ್ಲ, ಎಲ್ಲಿಂದ ಬಂತು ಅಂದುಕೊಂಡಿರಿ?" ಎಂದರು. ಈ ಒಂದು ಮಾತಿನಿಂದ ಹಣದ ಲೆಕ್ಕವೂ ನನಗೆ ಅರ್ಥವಾಯಿತು. ಬಂಡೆಯನ್ನು ನಂಬಿ ಸುಮ್ಮನೆ ಇಡಲಾಗದ್ದರಿಂದಲೇ ತಾಮ್ರದ ಪೆಟ್ಟಿಗೆ ಬೇಕು, ನೀರು ಕಂಡರೆ ಉಬ್ಬಿ ಬಿರುಕನ್ನು ಮುಚ್ಚುವ ಬೆಂಟೊನೈಟ್ ಜೇಡಿ ಬೇಕು, ಸ್ಥಳವನ್ನು ಗೊತ್ತು ಮಾಡುವ ಮೊದಲು ದಶಕಗಟ್ಟಲೆ ಕೊರೆದು ನೋಡಬೇಕು.

ಫಿನ್‌ಲೆಂಡಿನವರು ಹಾಗೆಯೇ ಮಾಡಿದರು. 1983ರಲ್ಲಿಯೇ ಅಲ್ಲಿನ ಸರ್ಕಾರ ಕಾಲಪಟ್ಟಿಯನ್ನು ಹಾಕಿಕೊಂಡಿತು: 2000ದ ವೇಳೆಗೆ ಸ್ಥಳದ ಆಯ್ಕೆ, 2020ರ ವೇಳೆಗೆ ಹೂಳುವ ಕೆಲಸದ ಆರಂಭ. ಯೂರಾಯೋಕಿ ಎಂಬ ಪುಟ್ಟ ಪುರಸಭೆಗೆ ಬೇಡವೆನ್ನುವ ಪೂರ್ಣ ಅಧಿಕಾರ ಕಾನೂನಿನಲ್ಲಿಯೇ ಇತ್ತು, ಅದು ಬೇಕೆಂದಿತು. 2001ರಲ್ಲಿ ಸಂಸತ್ತು ಅನುಮೋದಿಸಿತು, 2004ರಲ್ಲಿ ಓಂಕಾಲೊ ಎಂದು ಕರೆಯುವ ಸುರಂಗದ ಅಗೆತ ಶುರುವಾಯಿತು, 2015ರಲ್ಲಿ ನಿರ್ಮಾಣದ ಪರವಾನಗಿ ಸಿಕ್ಕಿತು, 2024ರಲ್ಲಿ ಇಂಧನವಿಲ್ಲದ ಪೆಟ್ಟಿಗೆಗಳೊಂದಿಗೆ ಪ್ರಾಯೋಗಿಕ ಓಟ ಆರಂಭವಾಯಿತು. ನಾನೂರು ಮೀಟರಿಗೂ ಹೆಚ್ಚು ಆಳದಲ್ಲಿ 6,500 ಟನ್ ಇಂಧನಕ್ಕೆ ಜಾಗ. ನೂರು ವರ್ಷದ ಕೆಲಸಕ್ಕೆಲ್ಲ ಸೇರಿಸಿ ಸುಮಾರು 500 ಕೋಟಿ ಯೂರೊ ಎಂಬುದು ಸಾಮಾನ್ಯವಾಗಿ ಹೇಳಲಾಗುವ ಅಂದಾಜು. ಆದರೆ ಅವರ ಸುರಂಗಕ್ಕಿಂತ ನನ್ನ ಗಮನ ಸೆಳೆದದ್ದು 1988ರಲ್ಲಿ ಅವರು ಕಟ್ಟಿದ ನಿಧಿ. ಸ್ಥಾವರ ಇವತ್ತೇ ಮುಚ್ಚಿಹೋದರೆ, ಈವರೆಗೆ ಉತ್ಪತ್ತಿಯಾಗಿರುವ ತ್ಯಾಜ್ಯವನ್ನು ವಿಲೇವಾರಿ ಮಾಡಲು ಎಷ್ಟು ಬೇಕೋ ಅಷ್ಟು ಹಣಕ್ಕೆ ಏರ್ಪಾಡು ಇಂದೇ ಇರಬೇಕು ಎಂಬುದು ಅದರ ನಿಯಮ. ಕಂಪನಿ ಮುಂದೆ ಲಾಭ ಮಾಡಿ ಕೊಡುತ್ತದೆ ಎಂಬ ಭರವಸೆಗೆ ಅಲ್ಲಿ ಅವಕಾಶವಿಲ್ಲ. ಮೂವತ್ತು ವರ್ಷ ಅಢಾವೆ ಪತ್ರಿಕೆ ಬರೆದವನಾಗಿ ಹೇಳುತ್ತೇನೆ, ಇದಕ್ಕಿಂತ ನೇರವಾದ ನಿಯಮವನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಣ ಮಾತ್ರ ಇದ್ದು ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಉದಾಹರಣೆ. 1982ರ ಕಾನೂನಿನಂತೆ ಅಣು ವಿದ್ಯುತ್ತಿನ ಪ್ರತಿ ಯೂನಿಟ್‌ಗೆ ಒಂದು ಸೆಂಟಿನ ಹತ್ತನೇ ಒಂದು ಭಾಗವನ್ನು, ಅಂದರೆ ನಮ್ಮ ಲೆಕ್ಕದಲ್ಲಿ ಎಂಟೊಂಬತ್ತು ಪೈಸೆಯನ್ನು, ಗ್ರಾಹಕರಿಂದ ಪಡೆದು ಕೇಂದ್ರ ನಿಧಿಗೆ ಹಾಕುತ್ತಾ ಹೋದರು. ಪ್ರತಿಯಾಗಿ 1998ರ ಜನವರಿ 31ರಿಂದ ಸರ್ಕಾರ ಇಂಧನವನ್ನು ವಶಕ್ಕೆ ಪಡೆಯಲು ಆರಂಭಿಸಬೇಕಿತ್ತು. 1987ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಬೇರೆ ಎಲ್ಲ ಸ್ಥಳಗಳ ಪರಿಶೀಲನೆಯನ್ನು ನಿಲ್ಲಿಸಿ ನೆವಾಡಾ ರಾಜ್ಯದ ಯುಕ್ಕಾ ಪರ್ವತ ಒಂದನ್ನೇ ಹಿಡಿಯಿತು. ನೆವಾಡಾ ಕೊನೆಯವರೆಗೂ ಒಪ್ಪಲಿಲ್ಲ. ಸುಮಾರು 1,500 ಕೋಟಿ ಡಾಲರ್ ಖರ್ಚಾದ ಮೇಲೆ, 2010ರ ಹೊತ್ತಿಗೆ ಯೋಜನೆಯನ್ನೇ ಕೈಬಿಡಲಾಯಿತು. ನ್ಯಾಯಾಲಯದ ಆದೇಶದಂತೆ 2014ರಿಂದ ಶುಲ್ಕವನ್ನೂ ನಿಲ್ಲಿಸಿದರು. ಈಗ ನಿಧಿಯಲ್ಲಿ 4,000 ಕೋಟಿ ಡಾಲರಿಗೂ ಹೆಚ್ಚು ಹಣವಿದೆ, ದೇಶದಲ್ಲಿ ಸುಮಾರು 90,000 ಟನ್ ಇಂಧನವಿದೆ, ಎರಡೂ ಒಂದನ್ನೊಂದು ಮುಟ್ಟುವಂತಿಲ್ಲ. ಮಾತಿಗೆ ತಪ್ಪಿದ್ದಕ್ಕೆ ಸರ್ಕಾರ ವಿದ್ಯುತ್ ಕಂಪನಿಗಳಿಗೆ ಈವರೆಗೆ 1,000 ಕೋಟಿ ಡಾಲರಿಗೂ ಮಿಗಿಲಾದ ಪರಿಹಾರ ಕೊಟ್ಟಿದೆ. ಆ ಹಣ ಹೋಗಿರುವುದು ನಿಧಿಯಿಂದಲ್ಲ, ಸಾಮಾನ್ಯ ತೆರಿಗೆದಾರರ ಬೊಕ್ಕಸದಿಂದ. ಮೇನ್ ರಾಜ್ಯದಲ್ಲಿ ಒಂದು ಸ್ಥಾವರ 1997ರಲ್ಲಿ ಮುಚ್ಚಿ, 2005ರ ವೇಳೆಗೆ ಪೂರ್ತಿಯಾಗಿ ಕಳಚಿಹೋಗಿದೆ. ಅಲ್ಲಿ ಉಳಿದಿರುವುದು ಇಂಧನ ತುಂಬಿದ ಅರವತ್ತು ಕಾಂಕ್ರೀಟ್ ಪೀಪಾಯಿಗಳು, ಬೇಲಿ, ಕಾವಲುಗಾರರು ಮತ್ತು ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರಿನ ಖರ್ಚು. ಒಂದು ಯೂನಿಟ್ ವಿದ್ಯುತ್ತೂ ಹುಟ್ಟದ ಜಾಗಕ್ಕೆ ವರ್ಷ ವರ್ಷವೂ ಹಣ ಸುರಿಯುವುದೆಂದರೆ ಇದೇ.

ಜರ್ಮನಿಯವರು 2017ರಲ್ಲಿ ಕಂಪನಿಗಳಿಂದ ಸುಮಾರು 2,400 ಕೋಟಿ ಯೂರೊ ಪಡೆದು, ತ್ಯಾಜ್ಯದ ಹೊಣೆಯನ್ನು ಸರ್ಕಾರವೇ ವಹಿಸಿಕೊಂಡಿತು. 2031ರ ವೇಳೆಗೆ ಸ್ಥಳ ಆರಿಸುತ್ತೇವೆ ಎಂದಿದ್ದವರು ಐದೇ ವರ್ಷದಲ್ಲಿ 2046ರಿಂದ 2068ರವರೆಗಿನ ಮಾತನ್ನಾಡತೊಡಗಿದರು. ಫ್ರಾನ್ಸಿನಲ್ಲಿ ಬ್ಯೂರ್ ಎಂಬಲ್ಲಿನ ಭೂಗರ್ಭ ಕೇಂದ್ರಕ್ಕೆ 2016ರಲ್ಲಿ ಗೊತ್ತುಪಡಿಸಿದ ಮೊತ್ತ 2,500 ಕೋಟಿ ಯೂರೊ; 2025ರ ಅಂದಾಜಿನ ಮೇಲಿನ ತುದಿ 3,750 ಕೋಟಿ. ಸ್ಥಳ ತಡವಾದಷ್ಟೂ ಮೊತ್ತ ಏರುತ್ತದೆ, ಏರಿದ ಭಾಗ ಮಾತ್ರ ಹಣ ಕಟ್ಟಿ ಹೋದ ಕಂಪನಿಯ ಮನೆಬಾಗಿಲಿಗೆ ಮತ್ತೆ ಹೋಗುವುದಿಲ್ಲ.

ಇವೆಲ್ಲವುಗಳಲ್ಲಿ ನಮಗೆ ಹೆಚ್ಚು ಹತ್ತಿರವಾದದ್ದು ಕೆನಡಾ. ಕೈಗಾದ ಘಟಕಗಳು ಮೂಲತಃ ಅಲ್ಲಿನ ಭಾರಜಲ ರಿಯಾಕ್ಟರಿನ ಮಾದರಿಯವೇ. 2024ರ ನವೆಂಬರ್‌ನಲ್ಲಿ ಅವರು ಒಂಟಾರಿಯೊ ಪ್ರಾಂತ್ಯದ ಇಗ್ನೇಸ್ ಪಟ್ಟಣದ ಮತ್ತು ಅಲ್ಲಿನ ವಾಬಿಗೂನ್ ಸರೋವರದ ಮೂಲನಿವಾಸಿಗಳ ಒಪ್ಪಿಗೆ ಪಡೆದು ಆ ಪ್ರದೇಶದಲ್ಲಿ ಸ್ಥಳವನ್ನು ಆರಿಸಿದರು. ಸುಮಾರು 55 ಲಕ್ಷ ಇಂಧನ ಕಟ್ಟುಗಳಿಗೆ 2,600 ಕೋಟಿ ಕೆನಡಾ ಡಾಲರ್ ಎಂಬುದು ಅವರ ಅಂದಾಜು. ಭಾಗಿಸಿದರೆ ಒಂದು ಕಟ್ಟಿಗೆ 4,700 ಡಾಲರ್, ಅಂದರೆ ಮೂರು ಲಕ್ಷ ರೂಪಾಯಿಗೆ ತುಸು ಕಡಿಮೆ. ಅವರ ಕಟ್ಟು ನಮ್ಮದಕ್ಕಿಂತ ಸ್ವಲ್ಪ ದೊಡ್ಡದು, ಒಂದರಿಂದ ಸುಮಾರು ಹತ್ತು ಲಕ್ಷ ಯೂನಿಟ್ ಸಿಗುತ್ತದೆ. ಹಾಗಾಗಿ ಒಂದು ಯೂನಿಟ್ ಮೇಲೆ ಬೀಳುವ ವಿಲೇವಾರಿಯ ಭಾರ ಮೂವತ್ತು ಪೈಸೆಯ ಆಸುಪಾಸು. ಇದು ನನ್ನ ಸ್ಥೂಲ ಗುಣಾಕಾರ. ನಮ್ಮ ಕೂಲಿ, ನಮ್ಮ ಬಂಡೆ, ನಮ್ಮ ದೂರಗಳು ಬೇರೆ. ಆದರೂ ಅಳತೆ ಸಿಗುತ್ತದೆ: ಭಯಪಡುವಷ್ಟು ದೊಡ್ಡ ಮೊತ್ತವಲ್ಲ, ಮರೆತುಬಿಡುವಷ್ಟು ಚಿಕ್ಕದೂ ಅಲ್ಲ.

ಬೆಂಗಳೂರಿನವರಿಗೆ ಈ ಮೂವತ್ತು ಪೈಸೆ ಎಷ್ಟೆಂದು ತಿಳಿಯಲು ಕರೆಂಟ್ ಬಿಲ್ಲನ್ನೇ ನೋಡಬಹುದು. ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಉಪದಾನಕ್ಕೆಂದು 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆಯ ಹೆಚ್ಚುವರಿ ಶುಲ್ಕಕ್ಕೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಅನುಮತಿ ನೀಡಿತು. ದುಡಿದವರಿಗೆ ಪಿಂಚಣಿ ಸಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಹಿಂದೆ ಉಂಟಾದ ಹೊಣೆಯನ್ನು ಇಂದಿನ ಬಿಲ್ಲಿನಲ್ಲಿ ತೀರಿಸುವುದು ನಮಗೆ ಹೊಸತಲ್ಲ, ಮೂವತ್ತು ಚಿಲ್ಲರೆ ಪೈಸೆಯನ್ನು ಬೆಂಗಳೂರಿನ ಮನೆಗಳು ಈಗಾಗಲೇ ಕೊಡುತ್ತಿವೆ. ಹಾಗಿರುವಾಗ, ಇಂದು ಉಂಟಾಗುತ್ತಿರುವ ಹೊಣೆಯನ್ನು ಇಂದೇ ತೀರಿಸುವುದು ನಮ್ಮ ಶಕ್ತಿಗೆ ಮೀರಿದ್ದೇನಲ್ಲ.

ಆದರೆ ಲೆಕ್ಕ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ನೂರು ವರ್ಷದ ಮೇಲೆ ಕೊಡಬೇಕಾದ ಹಣಕ್ಕೆ ಇಂದು ಅಷ್ಟನ್ನೂ ಇಡಬೇಕಾಗಿಲ್ಲ, ಬಡ್ಡಿ ಬೆಳೆಯುತ್ತದೆ, ಆದ್ದರಿಂದ ವಟಾವು, ಅಂದರೆ ಮುಂದೆ ಬೆಳೆಯುವ ಬಡ್ಡಿಯ ಪಾಲು, ಕಳೆದು ಇಂದಿನ ಮೌಲ್ಯವನ್ನಷ್ಟೇ ಇಟ್ಟರೆ ಸಾಕು ಎನ್ನುತ್ತಾರೆ. ತತ್ತ್ವ ಸರಿ. ಸಹಕಾರ ಸಂಘದಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ. ಈಗ ದರವನ್ನು ಹಾಕಿ ನೋಡಿ. ನೂರು ವರ್ಷದ ನಂತರ ನೂರು ಕೋಟಿ ರೂಪಾಯಿ ಬೇಕೆಂದರೆ, ಶೇಕಡಾ 3ರ ದರದಲ್ಲಿ ಇಂದು ಐದು ಕೋಟಿ ಇಪ್ಪತ್ತು ಲಕ್ಷ ಇಡಬೇಕು. ಶೇಕಡಾ 5ಕ್ಕೆ ಎಪ್ಪತ್ತಾರು ಲಕ್ಷ. ಶೇಕಡಾ 8ಕ್ಕೆ ನಾಲ್ಕೂವರೆ ಲಕ್ಷ ಸಾಕು. ಒಂದು ಅಂಕಿಯನ್ನು ಮೂರರಿಂದ ಎಂಟಕ್ಕೆ ತಿದ್ದಿದ ಮಾತ್ರಕ್ಕೆ ಐದು ಕೋಟಿಯ ಹೊಣೆ ಒಂದು ಸ್ಕೂಟರಿನ ಬೆಲೆಯ ನಾಲ್ಕೈದು ಪಟ್ಟಿಗೆ ಇಳಿಯಿತು. ಎದೆ ಝಲ್ಲೆನ್ನಿಸುವ ಸಂಗತಿ ಇದು. ನೂರು ವರ್ಷ ಸತತವಾಗಿ, ಬೆಲೆಯೇರಿಕೆಯನ್ನು ಕಳೆದ ಮೇಲೂ ಶೇಕಡಾ 8 ಬಡ್ಡಿ ಕೊಟ್ಟ ಬ್ಯಾಂಕು ಎಲ್ಲಿದೆ? ಯುದ್ಧ, ಬರ, ನೋಟಿನ ಮೌಲ್ಯದ ಕುಸಿತ, ಸರ್ಕಾರಗಳ ಬದಲಾವಣೆ ಇವೆಲ್ಲವನ್ನೂ ದಾಟಿ ಒಂದು ಠೇವಣಿ ಉಳಿಯಬೇಕು. ವಿಲೇವಾರಿಯ ಖರ್ಚಿನ ಬಗ್ಗೆ ಯಾರೇ ಅಂಕಿ ಹೇಳಿದರೂ ನಾನು ಮೊದಲು ಕೇಳುವುದು ಮೊತ್ತವನ್ನಲ್ಲ, ಅದರ ಹಿಂದೆ ಹಿಡಿದಿರುವ ವಟಾವು ದರವನ್ನು.

ನಮ್ಮ ದೇಶದ ನಿಲುವು ಬೇರೆಯಾದದ್ದು. ಹೋಮಿ ಭಾಭಾ ಅವರು ರೂಪಿಸಿದ ಮೂರು ಹಂತದ ಯೋಜನೆಯಲ್ಲಿ ಉರಿದ ಇಂಧನವನ್ನು ತ್ಯಾಜ್ಯವೆಂದು ಕರೆಯುವುದೇ ಇಲ್ಲ, ಅದು ಸಂಪನ್ಮೂಲ. ಯುರೇನಿಯಂ ಕಡಿಮೆ ಇರುವ, ಥೋರಿಯಂ ಹೇರಳವಾಗಿರುವ ದೇಶ ಹೀಗೆ ಯೋಚಿಸಿದ್ದರಲ್ಲಿ ದೂರದೃಷ್ಟಿಯಿದೆ. ಕೈಗಾದ ಕಟ್ಟಿನಲ್ಲಿ ಉರಿದ ಮೇಲೂ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಪಾಲು ಯುರೇನಿಯಂ ಆಗಿಯೇ ಉಳಿದಿರುತ್ತದೆ, ಹೊಸದಾಗಿ ಹುಟ್ಟಿದ ಪ್ಲುಟೋನಿಯಂ ಶೇಕಡಾ ಅರ್ಧಕ್ಕೂ ಕಡಿಮೆ. ಆ ಪ್ಲುಟೋನಿಯಂ ಅನ್ನು ಬೇರ್ಪಡಿಸಿ, ವೇಗದ ನ್ಯೂಟ್ರಾನ್‌ಗಳಿಂದ ನಡೆಯುವ 'ವೇಗದ ರಿಯಾಕ್ಟರು'ಗಳಲ್ಲಿ ಬಳಸುವುದು ಎರಡನೆಯ ಹಂತ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಹೀಗೆ ಬೇರ್ಪಡಿಸುವ ಮರುಸಂಸ್ಕರಣ ಘಟಕಗಳಿವೆ. ಬೇರ್ಪಟ್ಟ ತೀವ್ರ ವಿಕಿರಣದ ದ್ರವವನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ತುಂಬುವ ತಂತ್ರವನ್ನು ನಮ್ಮ ವಿಜ್ಞಾನಿಗಳು ತಾವೇ ಸಾಧಿಸಿದ್ದಾರೆ. ಆ ಡಬ್ಬಿಗಳನ್ನು ತಾರಾಪುರದಲ್ಲಿ ಗಾಳಿಯಿಂದ ತಣಿಸುತ್ತಾ ಇಟ್ಟಿದ್ದಾರೆ. ಗಾತ್ರ ಇಷ್ಟು ಕಡಿಮೆ ಇರುವಾಗ ಭೂಗರ್ಭ ಕೇಂದ್ರದ ಅಗತ್ಯ ಸದ್ಯಕ್ಕಿಲ್ಲ ಎಂಬುದು ಸರ್ಕಾರ ಸಂಸತ್ತಿನಲ್ಲಿ ಮತ್ತೆ ಮತ್ತೆ ಕೊಟ್ಟಿರುವ ಉತ್ತರ.

ಈ ಸಾಧನೆಯ ಬಗ್ಗೆ ನನಗೆ ಗೌರವವಿದೆ. ಆದರೆ ಗಾಜೂ ಬಿಸಿಯೇ. ಸೀಸಿಯಂ, ಸ್ಟ್ರಾನ್ಷಿಯಂ ಎರಡೂ ಅದರೊಳಗೇ ಇವೆ, ಅದಕ್ಕೂ ಕೊನೆಗೊಂದು ನೆಲೆ ಬೇಕು. ಇನ್ನು ಮರುಸಂಸ್ಕರಣೆ ಅಗ್ಗದ ಕೆಲಸವಂತೂ ಅಲ್ಲ. ಜಪಾನಿನ ರೊಕ್ಕಾಶೊ ಘಟಕವನ್ನು 1993ರಲ್ಲಿ ಕಟ್ಟಲು ಆರಂಭಿಸಿ 1997ಕ್ಕೆ ಮುಗಿಸಬೇಕಿತ್ತು. ಇಪ್ಪತ್ತಕ್ಕೂ ಹೆಚ್ಚು ಸಲ ಅದರ ಗಡುವನ್ನು ಮುಂದೂಡಲಾಗಿದೆ. ಬ್ರಿಟನ್ನಿನ ಸೆಲ್ಲಾಫೀಲ್ಡ್‌ನಲ್ಲಿದ್ದ ದೊಡ್ಡ ಮರುಸಂಸ್ಕರಣ ಘಟಕ 2018ರಲ್ಲಿ ಕೆಲಸ ನಿಲ್ಲಿಸಿತು. ಆ ಇಡೀ ನಿವೇಶನವನ್ನು ಶುದ್ಧಗೊಳಿಸಲು 13,600 ಕೋಟಿ ಪೌಂಡ್ ಬೇಕಾದೀತೆಂದು ಅಲ್ಲಿನ ಲೆಕ್ಕ ಪರಿಶೋಧಕರು 2024ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಕಲ್ಪಾಕ್ಕಂನ ವೇಗದ ರಿಯಾಕ್ಟರಿಗೆ 2003ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 3,492 ಕೋಟಿ ರೂಪಾಯಿ. ಆ ಅಂದಾಜು ಹಲವು ಬಾರಿ ಏರಿ, ಅದರ ಒಡಲನ್ನು (ಕೋರ್) ತುಂಬುವ ಕೆಲಸ ಶುರುವಾದದ್ದು 2024ರ ಮಾರ್ಚ್‌ನಲ್ಲಿ. ಅದರ ಇಂಧನವನ್ನು ಮರುಸಂಸ್ಕರಿಸುವ ಘಟಕಕ್ಕೆಂದೇ 2013ರಲ್ಲಿ 9,600 ಕೋಟಿ ರೂಪಾಯಿ ಮಂಜೂರಾಯಿತು.

ಇಲ್ಲಿ ನನ್ನೊಳಗಿನ ಲೆಕ್ಕಿಗ ಸುಮ್ಮನಿರುವುದಿಲ್ಲ. ಗೋದಾಮಿನಲ್ಲಿರುವ ಒಂದು ಸರಕನ್ನು ಆಸ್ತಿಯೆಂದು ಬರೆದರೆ ಅದಕ್ಕೆ ಬೆಲೆ ಕಟ್ಟಬೇಕು, ಯಾವಾಗ ಬಳಕೆಗೆ ಬರುತ್ತದೆಂದು ಹೇಳಬೇಕು, ಬಳಕೆಗೆ ತರಲು ಆಗುವ ಖರ್ಚನ್ನು ಕಳೆಯಬೇಕು. ಖರ್ಚು ಬೆಲೆಯನ್ನು ಮೀರಿದರೆ ಅದು ಆಸ್ತಿಯ ಕಡೆಯಲ್ಲಿ ನಿಲ್ಲುವುದಿಲ್ಲ, ಹೊಣೆಯ ಕಡೆಗೆ ಬರುತ್ತದೆ. ಉರಿದ ಇಂಧನವನ್ನು ಸಂಪನ್ಮೂಲವೆಂದು ಕರೆದ ಮಾತ್ರಕ್ಕೆ ಅದರ ವಿಲೇವಾರಿಗೆ ಹಣ ಕಾದಿರಿಸುವ ಕೆಲಸ ತಪ್ಪುವುದಿಲ್ಲ. ನಮ್ಮ ಅಣು ವಿದ್ಯುತ್ತಿನ ದರದಲ್ಲಿ ಯೂನಿಟ್‌ಗೆ 2 ಪೈಸೆಯನ್ನು ಪ್ರತ್ಯೇಕವಾಗಿ ಕೂಡಿಡಲಾಗುತ್ತದೆ, ನಿಜ. ಆದರೆ ಅದು ಆಯುಷ್ಯ ಮುಗಿದ ಸ್ಥಾವರವನ್ನು ಕಳಚುವ ಖರ್ಚಿಗೆ. ಕೈಗಾದ ಒಂದು ಕಟ್ಟು ತನ್ನ ಬಾಳಿನಲ್ಲಿ ಈ ಲೆಕ್ಕದಂತೆ ಗಳಿಸಿಕೊಡುವುದು ಹದಿನಾಲ್ಕು ಸಾವಿರ ರೂಪಾಯಿ. ಕೆನಡಾದವರು ಇಂಧನದ ಕಟ್ಟೊಂದಕ್ಕೇ ಮೂರು ಲಕ್ಷದ ಹತ್ತಿರ ಹಿಡಿದಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹಣಕ್ಕಿಂತ ಕಠಿಣವಾದದ್ದು ಜಾಗ. ಕೋಲಾರದ ಚಿನ್ನದ ಗಣಿಯೊಳಗೆ, ಸುಮಾರು ಸಾವಿರ ಮೀಟರ್ ಆಳದಲ್ಲಿ, 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಒಂದು ಪ್ರಯೋಗ ನಡೆಸಿದರು. ವಿಕಿರಣ ವಸ್ತುವನ್ನು ಒಯ್ಯದೆ, ವಿದ್ಯುತ್ ಹೀಟರುಗಳನ್ನು ಬಂಡೆಯಲ್ಲಿ ಹುದುಗಿಸಿ, ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ವರ್ಷಗಟ್ಟಲೆ ಅಳೆದರು. ಒಳ್ಳೆಯ ವಿಜ್ಞಾನ ಅದು. ಆದರೆ 2012ರ ನವೆಂಬರ್‌ನಲ್ಲಿ, ಕೂಡಂಕುಳಂ ಅಣು ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಅಣು ತ್ಯಾಜ್ಯಕ್ಕೆ ಕೋಲಾರದ ಗಣಿಯ ಹೆಸರು ಕೇಳಿಬಂದ ಕೂಡಲೇ ಅಲ್ಲಿನ ಜನ ಬೀದಿಗಿಳಿದರು. ಅಂಥ ಪ್ರಸ್ತಾವ ಇಲ್ಲವೆಂದು ಕೇಂದ್ರ ಸ್ಪಷ್ಟಪಡಿಸಬೇಕಾಯಿತು. 2001ರಲ್ಲಿ ಗಣಿ ಮುಚ್ಚಿ ಬದುಕು ಕಳೆದುಕೊಂಡ ಊರಿಗೆ ಹನ್ನೊಂದು ವರ್ಷದ ಮೇಲೆ ಬಂದ ಸುದ್ದಿ ಇದು ಎಂಬುದನ್ನು ನೆನೆದರೆ ಅವರ ಸಿಟ್ಟು ಅರ್ಥವಾಗುತ್ತದೆ. ತಾಂತ್ರಿಕವಾಗಿಯೂ ಹಳೆಯ ಗಣಿ ಸರಿಯಾದ ಆಯ್ಕೆಯಲ್ಲ. ಜರ್ಮನಿಯವರು ಆಸ್ಸೆ ಎಂಬಲ್ಲಿನ ಹಳೆಯ ಉಪ್ಪಿನ ಗಣಿಯಲ್ಲಿ 1967ರಿಂದ 1978ರವರೆಗೆ ಕಡಿಮೆ ಮತ್ತು ಮಧ್ಯಮ ವಿಕಿರಣದ ಸುಮಾರು 1,26,000 ಪೀಪಾಯಿಗಳನ್ನು ತುಂಬಿದರು. ತೋಡಿದ ಗುಂಡಿ ಸಿದ್ಧವಿದ್ದುದರಿಂದ ಅಗ್ಗವಾಯಿತು. ಆಮೇಲೆ ನೀರು ಜಿನುಗತೊಡಗಿತು. ಈಗ ಆ ಪೀಪಾಯಿಗಳನ್ನು ಮತ್ತೆ ಹೊರತೆಗೆಯಬೇಕೆಂದು ಕಾನೂನನ್ನೇ ಮಾಡಿದ್ದಾರೆ. ಅಗ್ಗದ ಜಾಗವನ್ನು ಹುಡುಕಿದ್ದಕ್ಕೆ ಎರಡು ಸಲ ಹಣ ಕೊಡಬೇಕಾಗಿ ಬಂದಿದೆ.

ಮಂಡೂರಿನ ಜನರೂ ನನಗೆ ಇಲ್ಲಿ ನೆನಪಾಗುತ್ತಾರೆ. ವರ್ಷಗಟ್ಟಲೆ ಬೆಂಗಳೂರಿನ ಕಸ ಅವರ ಊರಿಗೆ ಹೋಯಿತು, 2014ರಲ್ಲಿ ಅವರು ರಸ್ತೆಗೆ ಅಡ್ಡ ನಿಂತ ಮೇಲಷ್ಟೇ ಅದು ನಿಂತಿತು. ಅವರ ನೀರಿಗೆ, ಗಾಳಿಗೆ ಆದ ಕೇಡು ನಮ್ಮ ಯಾವ ಬಿಲ್ಲಿನಲ್ಲಿಯೂ ಸೇರಿರಲಿಲ್ಲ. ಯೂರಾಯೋಕಿಯವರಿಗೆ ಬೇಡವೆನ್ನುವ ಅಧಿಕಾರ ಇದ್ದುದರಿಂದಲೇ ಅವರ ಬೇಕು ಎಂಬ ಮಾತಿಗೆ ಬೆಲೆ ಬಂದಿತು. ಸ್ವೀಡನ್ನಿನ ಫೋರ್ಸ್‌ಮಾರ್ಕ್‌ನಲ್ಲಿಯೂ 2020ರಲ್ಲಿ ಸ್ಥಳೀಯ ಪುರಸಭೆ ಮತ ಹಾಕಿ ಒಪ್ಪಿತು, 2022ರಲ್ಲಿ ಸರ್ಕಾರ ಅನುಮತಿ ಕೊಟ್ಟಿತು, 2025ರ ಜನವರಿಯಲ್ಲಿ ಕೆಲಸ ಆರಂಭವಾಯಿತು. ಜನರನ್ನು ಕೇಳುವುದಕ್ಕೆ ತಗಲುವ ಕಾಲವೂ ಖರ್ಚೇ. ಕೇಳದೆ ಹೋದದ್ದರ ಖರ್ಚು ಎಷ್ಟೆಂಬುದು ನೆವಾಡಾದಲ್ಲಿ ಕಂಡಿದೆ.

ಈ ಲೆಕ್ಕ ಈಗಲೇ ಏಕೆ ತುರ್ತು ಎಂಬುದಕ್ಕೆ ಎರಡು ಕಾರಣಗಳಿವೆ. ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಐದನೆಯ ಮತ್ತು ಆರನೆಯ ಘಟಕಗಳು ಬರಲಿವೆ. ಅಣು ವಿದ್ಯುತ್ ಕ್ಷೇತ್ರದ ಬಾಗಿಲನ್ನು ಖಾಸಗಿ ಕಂಪನಿಗಳಿಗೂ ತೆರೆಯುವ ಕಾಯ್ದೆಗೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಉರಿದ ಇಂಧನದ ಮರುಸಂಸ್ಕರಣೆ ಮಾತ್ರ ಕೇಂದ್ರ ಸರ್ಕಾರದ ಕೈಯಲ್ಲಿಯೇ ಉಳಿದಿದೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆದರೆ ವಿದ್ಯುತ್ ಮಾರುವವರು ಒಬ್ಬರು, ಉರಿದದ್ದನ್ನು ನೋಡಿಕೊಳ್ಳುವವರು ಇನ್ನೊಬ್ಬರು ಎಂದಾದಾಗ, ಮೊದಲನೆಯವರಿಂದ ಎರಡನೆಯವರಿಗೆ ಪ್ರತಿ ಕಟ್ಟಿನ ಜೊತೆ ಎಷ್ಟು ಹಣ ಬರಬೇಕೆಂಬುದು ಮೊದಲ ಯೂನಿಟ್ ಮಾರಾಟವಾಗುವ ಮೊದಲೇ ಬರವಣಿಗೆಯಲ್ಲಿ ಇರಬೇಕು. ನಮ್ಮ ಸಮುಚ್ಚಯದಲ್ಲಿ ಮನೆ ಮಾರಿ ಹೋದವರನ್ನು ಆಮೇಲೆ ಹುಡುಕಿಕೊಂಡು ಹೋಗಲು ನಮಗೆ ಆಗಲಿಲ್ಲ.

ಕಳೆದ ತಿಂಗಳು ನಮ್ಮ ಕ್ಷೇತ್ರದ ಸಂಸದರಿಗೆ ಎರಡು ಪುಟದ ಪತ್ರ ಬರೆದು ಅಂಚೆಗೆ ಹಾಕಿದ್ದೇನೆ. ಕೈಗಾದ ಕೊಳಗಳಲ್ಲಿ ಮತ್ತು ತಾರಾಪುರದ ಗಾಜಿನ ಡಬ್ಬಿಗಳಲ್ಲಿ ಇರುವ ವಸ್ತುವಿನ ಅಂತಿಮ ವಿಲೇವಾರಿಗೆ ಎಷ್ಟು ಖರ್ಚಾಗುತ್ತದೆಂದು ಸರ್ಕಾರ ಅಂದಾಜಿಸಿದೆ, ಆ ಅಂದಾಜಿನಲ್ಲಿ ಹಿಡಿದಿರುವ ವಟಾವು ದರ ಎಷ್ಟು, ಅದಕ್ಕೆಂದು ಯಾವ ಶೀರ್ಷಿಕೆಯಡಿ ಎಷ್ಟು ಹಣ ಜಮೆಯಾಗಿದೆ ಎಂದು ಸದನದಲ್ಲಿ ಪ್ರಶ್ನೆ ಹಾಕಬೇಕೆಂದು ಕೋರಿದ್ದೇನೆ. ಪತ್ರದ ಜೊತೆಗೆ ಮೇಲಿನ ಮೂವತ್ತು ಪೈಸೆಯ ಗುಣಾಕಾರವನ್ನೂ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದ್ದೇನೆ. ಅದರಲ್ಲಿ ತಪ್ಪಿದ್ದರೆ ತಿದ್ದಿಕೊಡುವವರು ಈ ಬರಹವನ್ನು ಓದುವವರಲ್ಲಿಯೂ ಇರಬಹುದು. ದಯವಿಟ್ಟು ತಿದ್ದಿಕೊಡಿ, ಮುಂದಿನ ಪತ್ರದಲ್ಲಿ ಸರಿಪಡಿಸಿ ಕಳುಹಿಸುತ್ತೇನೆ.